ದುಖಾನ್ ದಾರಿಯ ಓದು

ಮಕ್ಕಳು ಹೇಗೆ ಓದಬೇಕೆಂಬ ವಿಷಯದಲ್ಲಿ ಬಲು ಖಚಿತವಾದ ಅಭಿಪ್ರಾಯ ಇರುವುದು, ತಾವು ಕಾಲೇಜಿನಲ್ಲಿ ನೆಟ್ಟಗೆ ಓದದೇ ಇದ್ದವರಿಗೆ. ನನಗೂ ಇದೆ. ದೋಹಾದಲ್ಲಿ ಕಾಲೇಜಿಗೆ ಹೋಗುವ ಮಗಳು ಅಕ್ಷತಾ ಸ್ಟ್ಯಾಟಿಸ್ಟಿಕ್ಸಿನಲ್ಲಿ ಡುಮ್ಕಿ ಹೊಡೆದಳು. ಮರುಪರೀಕ್ಷೆಯೂ ಹೋದರೆ ವರ್ಷವೇ ಹೋಯಿತು ಎಂದರು ಕಾಲೇಜಿನವರು. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಇನ್ನು ಸುಮ್ಮನಿದ್ದರೆ ಆಗದು ಎಂದುಕೊಂಡೆ.

ಅಲ್ ರಯ್ಯಾನಿನ ನಮ್ಮ ಮನೆಯಲ್ಲಿ ಅವಳ ಮೇಜನ್ನು ಪೂರ್ವಕ್ಕೆ ತಿರುಗಿಸಿದೆ. ಮೂರು ಬಣ್ಣದ ಶಾಯಿಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಊರಿಂದ ಬರುವವರೊಬ್ಬರ ಕೈಯಲ್ಲಿ ಬ್ರಾಹ್ಮಿ ಎಣ್ಣೆ ತರಿಸಿದೆ. ನೆನೆಸಿದ ಬಾದಾಮಿಯ ಸಿಪ್ಪೆ ಸುಲಿದು ನಾನೇ ತಟ್ಟೆಯಲ್ಲಿಟ್ಟುಕೊಂಡು ಹೋಗಿ, "ಎಲ್ಲಿಗೆ ಬಂತು ಮಗಾ?" ಎಂದು ಕೇಳುತ್ತಿದ್ದೆ. ಬೆನ್ನು ನೆಟ್ಟಗಿರಲಿ ಎನ್ನುತ್ತಿದ್ದೆ. ಫ್ಯಾನು ಹೆಚ್ಚಾಯಿತಾ, ಕಡಿಮೆಯಾಯಿತಾ ಎಂದು ವಿಚಾರಿಸುತ್ತಿದ್ದೆ. ಇಷ್ಟಾದರೂ ಅವಳು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. "ನೀವೇ ಹೋಗಿ ಪರೀಕ್ಷೆ ಬರೀರಿ ಮಾರಾಯ್ರೆ, ಅವಳಾದ್ರೂ ಆರಾಮ್ ಇರ್ಲಿ" ಎಂದಳು ನನ್ನ ಹೆಂಡತಿ ಸುಮಿತ್ರಾ. ಒಳ್ಳೆಯ ಕೆಲಸಕ್ಕೆ ಮನೆಯವರ ಬೆಂಬಲ ಯಾವಾಗಲೂ ಇಷ್ಟೇ.

ಒಂದು ಶುಕ್ರವಾರ, ಕತಾರಿನ ಆ ತುದಿಯಲ್ಲಿರುವ ದುಖಾನಿನಲ್ಲಿ ಸದಾಶಿವಣ್ಣನ ಮನೆಯ ಸತ್ಯನಾರಾಯಣ ಪೂಜೆ. ಅವರು ಎಣ್ಣೆ ಕಂಪೆನಿಯ ಕ್ವಾರ್ಟರ್ಸಿನಲ್ಲಿರುವ ನಮ್ಮೂರಿನವರು. ಅಷ್ಟು ದೂರದ ದಾರಿಯಲ್ಲಿ ಸಮಯ ಹಾಳಾದೀತೆಂದು ಅಕ್ಷತಾ ಪುಸ್ತಕ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತಳು. ಆ ರಸ್ತೆಗೆ ತಿರುವು ಎಂಬುದಿಲ್ಲ. ಕಿಟಕಿಯಾಚೆ ನೋಡೋಣವೆಂದರೆ ಮರಳು, ಅದು ಮುಗಿದರೆ ಮತ್ತೆ ಮರಳು. ಸದಾಶಿವಣ್ಣನ ಗೇಟು ಮುಟ್ಟುವಾಗ ಹುಡುಗಿ, "ಪಪ್ಪಾ, ಒಂದು ಚಾಪ್ಟರ್ ಖಲಾಸ್!" ಎಂದಳು. ಅವಳ ಮುಖದಲ್ಲಿ ನಗು ಕಂಡು ಎಷ್ಟು ದಿನವಾಗಿತ್ತೋ. ಅಂದು ಪ್ರಸಾದವನ್ನು ಎರಡೆರಡು ಸಲ ಕೇಳಿ ತಿಂದೆ.

ಅಲ್ಲಿಂದ ಪ್ರತಿ ಶುಕ್ರವಾರ ದುಖಾನ್ ಯಾತ್ರೆ. ಕುಡಿಯುವ ನೀರಿಗಿಂತ ಪೆಟ್ರೋಲು ಅಗ್ಗವಾದ ಊರಿನಲ್ಲಿ ಮಾತ್ರ ನಡೆಯುವ ವಿದ್ಯಾಭ್ಯಾಸ ಇದು. ಒಮ್ಮೆ ಕನ್ನಡಿಯಲ್ಲಿ ಅವಳನ್ನು ನೋಡುತ್ತಾ "ಎಲ್ಲಿಗೆ ಬಂತು?" ಎಂದೆನಷ್ಟೆ, ಸುಮಿತ್ರಾ "ಒಂಟೆ! ಮುಂದೆ ನೋಡಿ!" ಎಂದು ಕಿರುಚಿದಳು. ಆಮೇಲೆ ತೆಪ್ಪಗೆ ಗಾಡಿ ಓಡಿಸಿದೆ. ಸದಾಶಿವಣ್ಣನ ಗೇಟಿನೆದುರೇ ಕಾರು ತಿರುಗಿಸಿ ವಾಪಸು ಬರುವುದು ನಮ್ಮ ರೂಢಿ. ಒಳಗೆ ಹೋದರೆ ಗೋಳಿಬಜೆ, ಚಹಾ, ಊರ ಸುದ್ದಿ ಎಂದು ಅರ್ಧ ದಿನ ಹೋಗುತ್ತದಲ್ಲ. ಮೂರನೆಯ ವಾರ ಅವರ ಫೋನು ಬಂತು: "ಎಂಥದು ಮಾರಾಯ, ಗೇಟಿನ ತನಕ ಬಂದು ಬಂದು ತಿರುಗಿ ಹೋಗ್ತೀಯಂತೆ? ಪೂಜೆ ದಿನ ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಸಮಾಧಾನ ಮಾಡಬೇಕಾದರೆ ಸಾಕುಬೇಕಾಯಿತು.

ಅಕ್ಷತಾ ಪಾಸಾದಳು, ಅದೂ ಒಳ್ಳೆಯ ಮಾರ್ಕಿನಲ್ಲಿ. ಫಲಿತಾಂಶ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು ಎನ್ನಲು ನಾಚಿಕೆಯೇನೂ ಇಲ್ಲ. ಸಿಹಿ ತೆಗೆದುಕೊಂಡು ಸದಾಶಿವಣ್ಣನಲ್ಲಿಗೆ ಹೋದೆವು. ಈ ಸಲ ಗೇಟಿನ ಒಳಗೇ. ಅಲ್ಲಿ ನೆರೆದಿದ್ದವರಿಗೆ ನಾನು ನನ್ನ ಸಂಶೋಧನೆ ವಿವರಿಸಿದೆ: ಕಾರಿನ ಹದವಾದ ಕಂಪನ ಮಿದುಳಿನ ರಕ್ತಸಂಚಾರವನ್ನು ಹೇಗೆ ಚುರುಕುಗೊಳಿಸುತ್ತದೆ, ಇತ್ಯಾದಿ. ಎಲ್ಲರೂ ತಲೆದೂಗುತ್ತಿದ್ದರು.

"ಕಂಪನ ಎಂಥದ್ದೂ ಇಲ್ಲ ಅಂಕಲ್," ಎಂದಳು ಅಕ್ಷತಾ, ಬಾಯಿಯಲ್ಲಿ ಲಾಡು ಇಟ್ಟುಕೊಂಡೇ. "ಡ್ರೈವ್ ಮಾಡುವಾಗ ಪಪ್ಪನಿಗೆ ಎದ್ದು ಬರ್ಲಿಕ್ಕೆ ಆಗುದಿಲ್ಲ. ಅಷ್ಟೇ."

ಸದಾಶಿವಣ್ಣ ನಕ್ಕ ನಗು ನೆರೆಮನೆಗೂ ಕೇಳಿರಬೇಕು. ಎಲ್ಲರಿಗಿಂತ ಹೆಚ್ಚು ನಕ್ಕವಳು ಸುಮಿತ್ರಾ.

ಮುಂದಿನ ಪರೀಕ್ಷೆಗೆ ಎಲ್ಲಾದರೂ ಲೈಬ್ರರಿಗೆ ಹೋಗುತ್ತಾಳೆಂದುಕೊಂಡು, ಒಳಗೊಳಗೇ ಬೇಸರಪಟ್ಟುಕೊಂಡಿದ್ದೆ. ಆದರೆ ಪರೀಕ್ಷೆ ಹತ್ತಿರ ಬಂದ ಶುಕ್ರವಾರ ಅವಳೇ ಬಂದು ಕಾರಿನ ಕೀ ನನ್ನ ಕೈಯಲ್ಲಿಟ್ಟು, "ಯಲ್ಲಾ ಪಪ್ಪಾ, ದುಖಾನಿಗೆ ಹೋಗುವ" ಎಂದು ಅರಬರ ಹಾಗೆ ಹೊರಡಿಸಿದಳು. ಹಿಗ್ಗಿ ಹೀರೇಕಾಯಿಯಾಗಿ ಸ್ಟೇರಿಂಗ್ ಮುಂದೆ ಕುಳಿತು, ಅಭ್ಯಾಸಬಲದಿಂದ ಕನ್ನಡಿಯತ್ತ ಕಣ್ಣು ಹಾಯಿಸಿದೆ. ಅದರಲ್ಲಿ ಕಂಡದ್ದು ಕಾರಿನ ಚಾವಣಿ. ಮಗಳು ಮೊದಲೇ ಬಂದು ಅದನ್ನು ಮೇಲಕ್ಕೆ ತಿರುಗಿಸಿಟ್ಟಿದ್ದಳು.