ಎಡಕ್ಕೊಂದು ನೋಟ

ಗುಟ್ಟು ಕಾಯುವುದರಲ್ಲಿ ನಾನು ಬಹಳ ದುರ್ಬಲ. ಯಾರಾದರೂ ‘ಯಾರ್ಗೂ ಹೇಳಬ್ಯಾಡ್ರಿ’ ಅಂದರೆ, ಮೊದಲು ಯಾರಿಗೆ ಹೇಳಬೇಕೆಂದು ನಿಂತಲ್ಲೇ ಯೋಚಿಸುವವನು. ಅಂಥವನು ಒಂದು ಗುಟ್ಟನ್ನು ಹದಿನೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆನೆಂದರೆ ಅದಕ್ಕೆ ನನ್ನ ಹೆಂಡತಿ ಸರೋಜಳೇ ಕಾರಣ. ಅವಳು ಹೊಸಪೇಟೆಯ ನಮ್ಮ ನಡುಮನೆಯಲ್ಲಿ ಭರತನಾಟ್ಯ ಕಲಿಸುತ್ತಾಳೆ. ನಾನು ಕಂಪ್ಲಿಯ ಹೈಸ್ಕೂಲಿನಿಂದ ಬರುವ ಹೊತ್ತಿಗೆ ಇಪ್ಪತ್ತು ಹುಡುಗಿಯರು ಕುಣಿಯುತ್ತಿರುತ್ತಾರೆ. ಅವರ ಕಾಲಿಗೆ ಸಿಗದಂತೆ ಗೋಡೆಗಂಟಿಕೊಂಡು ಬಚ್ಚಲಿಗೆ ಹೋಗುವ ವಿದ್ಯೆಯನ್ನು ನಾನೂ ಕಲಿತಿದ್ದೇನೆ.

ಅವಳ ಗುರುಗಳು, ನಮಗೆಲ್ಲ ಮೇಷ್ಟ್ರು, ಹೋದ ವರ್ಷ ತೀರಿಕೊಂಡರು. ಅವರು ಕಟ್ಟಿದ ಒಂದು ನೃತ್ಯದಲ್ಲಿ ಮೂರನೆಯ ಜತಿ, ಎಂದರೆ ‘ತಕಿಟ ತಕಧಿಮಿ’ಯ ಸುತ್ತು, ಮುಗಿಯುತ್ತಲೇ ನರ್ತಕಿ ಥಟ್ಟನೆ ಎಡಕ್ಕೆ ನೋಡುತ್ತಾಳೆ. ಹಂಪಿಯಲ್ಲಿ ಅದನ್ನು ಕಂಡ ವಿದ್ವಾಂಸರೊಬ್ಬರು, ‘ಇನಿಯನ ಹೆಜ್ಜೆ ಸಪ್ಪಳಕ್ಕೆ ಕಾತರಿಸುವ ಇಂಥ ನೋಟ ಬೇರೆ ಯಾವ ಪರಂಪರೆಯಲ್ಲೂ ಇಲ್ಲ’ ಎಂದುಬಿಟ್ಟರು. ಅಂದಿನಿಂದ ಹುಡುಗಿಯರು ಇನ್ನಷ್ಟು ಜೋರಾಗಿ ಕಾತರಿಸತೊಡಗಿದರು.

ನನ್ನ ಕಷ್ಟ ಇದೇ. ಕಾಲೇಜು ಓದುವಾಗ ನಾನು ಮೇಷ್ಟ್ರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಿಟಕಿಯಿಂದ ಅವರ ಪಾಠದ ಜಾಗವೂ, ಕುಣಿಯುವವರ ಎಡಕ್ಕಿದ್ದ ಅಡುಗೆಮನೆಯೂ ಕಾಣುತ್ತಿದ್ದವು. ಒಂಟಿ ಮನುಷ್ಯ, ಒಲೆಯ ಮೇಲೆ ಹಾಲಿಟ್ಟು ಪಾಠಕ್ಕೆ ಕೂರುತ್ತಿದ್ದರು. ಅದು ಮೂರನೆಯ ಜತಿಗೆ ಸರಿಯಾಗಿ ಉಕ್ಕುತ್ತಿತ್ತು. ತಾಳದ ಕೋಲು ನಿಲ್ಲಿಸದೆ ಆ ಕಡೆ ಕತ್ತು ತಿರುಗಿಸುತ್ತಿದ್ದರು. ಶಿಷ್ಯರು ಅದನ್ನೂ ಕಲಿತರು ಎಂಬುದು ನನ್ನ ತೀರ್ಮಾನ.

ಮೇಷ್ಟ್ರ ವರ್ಷದ ನೆನಪಿನ ಕಾರ್ಯಕ್ರಮದಲ್ಲಿ ಎರಡು ಮಾತಾಡುವ ಕೆಲಸ ನನಗೆ ಬಿತ್ತು. ಆ ವಿದ್ವಾಂಸರೂ ಬರುವವರಿದ್ದರು. ಹೇಳಿದರೆ ಹೆಂಡತಿಯ ಪರಂಪರೆ ನಗೆಪಾಟಲು, ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರ. ತಡೆಯಲಾರದೆ ಅವಳಿಗೇ ಹೇಳಿದೆ. ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ತಲೆಯೆತ್ತಲಿಲ್ಲ.

“ಅದು ನನಗ ಗೊತ್ತಿಲ್ಲೇನ್ರಿ? ನಾ ಕಲಿಯೋ ಹೊತ್ತಿಗೆ ಅವರ ಕುತ್ತಿಗಿ ಹಿಡ್ಕೊಂಡಿತ್ತು, ತಿರುಗಾಕ ಆಗ್ತಿದ್ದಿಲ್ಲ. ‘ನೀನ ನೋಡವ್ವಾ, ಉಕ್ಕಿದ್ರ ಹೇಳು, ತಾಳ ಮಾತ್ರ ಬಿಡಬ್ಯಾಡ’ ಅಂದ್ರು. ಎಂಟು ವರ್ಷ ನೋಡೀನಿ.”

“ಮತ್ತ ಈ ಹುಡುಗೇರಿಗೆ ಯಾಕ ಕಲಿಸ್ತಿ?”

“ಅದನ್ನ ಬಿಟ್ಟು ಕುಣಿದ್ರ ಮೇಷ್ಟ್ರು ಇಲ್ಲ ಅನ್ನಸ್ತೈತ್ರಿ.” ಅವಳ ದನಿ ಒಡೆಯಿತು. “ಹೇಳೂದಿದ್ರ ಹೇಳ್ರಿ. ನಾ ಬ್ಯಾಡ ಅನ್ನಂಗಿಲ್ಲ.”

ಇಂಥ ಅನುಮತಿ ಸಿಕ್ಕ ಮೇಲೆ ಯಾವ ಗಂಡ ಬಾಯಿ ಬಿಟ್ಟಾನು?

ಕಾರ್ಯಕ್ರಮದ ದಿನ ಇಪ್ಪತ್ತು ಹುಡುಗಿಯರು ಒಟ್ಟಿಗೆ ಎಡಕ್ಕೆ ನೋಡಿದರು. ನನಗೆ ಸೀದ ಹಾಲಿನ ವಾಸನೆಯೇ ಬಂದಂತಾಯಿತು; ಮೇಷ್ಟ್ರು ಇಲ್ಲವೆಂದು ನಿಜವಾಗಿ ದುಃಖವಾಗಿ ಕಣ್ಣೊರೆಸಿಕೊಂಡೆ. ಪಕ್ಕದಲ್ಲಿದ್ದ ವಿದ್ವಾಂಸರು ನನ್ನ ಕಣ್ಣು ನೋಡಿ, ‘ನೀವು ರಸಿಕರು’ ಎಂದರು. ನಾನು ಅಲ್ಲವೆನ್ನಲಿಲ್ಲ. ಮೈಕಿನ ಮುಂದೆ ನಿಂತು, ‘ಮೇಷ್ಟ್ರ ಆ ನೋಟದಲ್ಲಿ ಎಂಥ ಕಾತರವಿತ್ತೆಂಬುದನ್ನು ಕಣ್ಣಾರೆ ಕಂಡವನು ನಾನು’ ಎಂದಷ್ಟೇ ಹೇಳಿ ಇಳಿದೆ. ವಿದ್ವಾಂಸರು ಕೂಡಲೇ ನೋಟ್‌ಬುಕ್ ತೆರೆದರು. ಅವರು ಬರೆಯುತ್ತಿರುವ ಪುಸ್ತಕದಲ್ಲಿ ಪ್ರತ್ಯಕ್ಷಸಾಕ್ಷಿ ಎಂದು ನನ್ನ ಹೆಸರು ಹಾಕುತ್ತಾರಂತೆ. ಇನಿಷಿಯಲ್ಲು ತಪ್ಪಾಗಬಾರದೆಂದು ನಾನೇ ಬರೆದುಕೊಟ್ಟೆ.