ಒನೊರೆಯ ಅರ್ಧ ಮೀಸೆ

ಒನೊರೆಯ ಎಡಮೀಸೆ ಸುಟ್ಟುಹೋದಾಗ ಬೆಳಿಗ್ಗೆ ಹತ್ತು ಗಂಟೆ. ಬಲಮೀಸೆಗೆ ಏನೂ ಆಗಲಿಲ್ಲ. ಫಜೀತಿ ಶುರುವಾದದ್ದು ಅಲ್ಲಿಂದಲೇ.

ಮೊಂಟ್ರಿವೆಲ್‌ನ ವೈನ್ ಸಂಘದಲ್ಲಿ ಪೀಪಾಯಿ ತೊಳೆಯುವುದು ಅವನ ಕೆಲಸ. ತೊಳೆದ ಪೀಪಾಯಿ ಬೂಷ್ಟು ಹಿಡಿಯದಂತೆ ಅದರೊಳಗೆ ಗಂಧಕದ ಬತ್ತಿ ಹಚ್ಚಿ ಇಳಿಬಿಡಬೇಕು. ಇಪ್ಪತ್ತೆಂಟು ವರ್ಷ ಸರಿಯಾಗಿ ಇಳಿಬಿಟ್ಟವನು ಅಂದು ಬತ್ತಿ ಆರಿತೇನೋ ಎಂದು ಬಗ್ಗಿ ಊದಿದ. ಬತ್ತಿ ಆರಿರಲಿಲ್ಲ.

ಉಳಿದರ್ಧವನ್ನು ಸಂಘದ ಬಚ್ಚಲಲ್ಲೇ ನಿಂತು ಅವನೇ ಬೋಳಿಸಿದ. ಕನ್ನಡಿಯಲ್ಲಿ ಸಿಪ್ಪೆ ಸುಲಿದ ಆಲೂಗಡ್ಡೆಯಂಥ ಮುಖವೊಂದು ಅವನನ್ನು ಗುರುತಿಲ್ಲದವರ ಹಾಗೆ ನೋಡಿತು. ಐವತ್ತಾರು ವರ್ಷದ ಒಂಟಿ ಗಂಡಸು. ಮನೆಯಲ್ಲಿ ಜೊತೆಗಿದ್ದದ್ದು ಆ ಮೀಸೆಯೊಂದೇ.

“ಹಲ್ಲುನೋವು, ಮನೆಗೆ ಹೋಗ್ತೀನಿ,” ಎಂದು ಬಾಗಿಲ ಸಂದಿನಿಂದಲೇ ಮೇಸ್ತ್ರಿಗೆ ಕೂಗಿ ಹೇಳಿದ. ಆದರೆ ಹೋಗುವುದು ಹೇಗೆ? ಮನೆಗೆ ಇದ್ದದ್ದು ಒಂದೇ ದಾರಿ, ಊರಚೌಕದ ಮೂಲಕ. ಚೌಕದಲ್ಲಿ ಬೇಕರಿ ಗಾಸ್ತೋ ಇರುತ್ತಾನೆ. ಒಂಬತ್ತು ವರ್ಷದ ಹಿಂದೆ ಕಬ್ಬಿಣದ ಗುಂಡನ್ನು ಗುರಿಯ ಹತ್ತಿರಕ್ಕೆ ಎಸೆಯುವ ಪಂದ್ಯದಲ್ಲಿ ಒನೊರೆ ದಾರ ಹಿಡಿದು ಅಳೆದು, “ಗಾಸ್ತೋ, ನಿನ್ನ ಗುಂಡು ಒಂದು ಹುಲ್ಲುಕಡ್ಡಿಯಷ್ಟು ದೂರ,” ಅಂದಿದ್ದ. ಅಂದಿನಿಂದ ಗಾಸ್ತೋ ಅವನ ರೊಟ್ಟಿಯನ್ನು ಮಾತಿಲ್ಲದೆ ಕಟ್ಟೆಯ ಮೇಲೆ ಕುಕ್ಕುತ್ತಾನೆ. ಗಾಸ್ತೋ ಮಾತಾಡಿಸದವನನ್ನು ಊರೂ ಮಾತಾಡಿಸುವುದಿಲ್ಲ. ಅಂಥವನ ಕೈಗೆ ಈ ಬೋಳು ತುಟಿ ಸಿಕ್ಕರೆ?

ಆಗ ಅವನಿಗೆ ಮೂಲೆಯ ಕಪಾಟು ಕಂಡಿತು. ಕಣಿವೆ ರಸ್ತೆಯಿಂದ ಇಳಿದು ಬರುವ ಸೈಕಲ್ ಪ್ರವಾಸಿಗರು ಸಂಘದಲ್ಲಿ ವೈನ್ ರುಚಿ ನೋಡುತ್ತಾರೆ. ಒಂದು ಲೋಟಕ್ಕೆ ಕೈಗವಸು ಮರೆಯುತ್ತಾರೆ, ನಾಲ್ಕು ಲೋಟಕ್ಕೆ ಮೈಮೇಲಿನ ಅಂಗಿ ಮರೆಯುತ್ತಾರೆ. ಎಲ್ಲ ಆ ಕಪಾಟಿನಲ್ಲಿತ್ತು. ಗಿಳಿಹಸಿರು ಅಂಗಿ, ಬಿಗಿ ಚಡ್ಡಿ, ಕಪ್ಪು ಕನ್ನಡಕ, ಕಲ್ಲಂಗಡಿಯ ಅರ್ಧದಂಥ ಹೆಲ್ಮೆಟ್. ಸೈಕಲ್ ಪ್ರವಾಸಿಗರ ಮುಖವನ್ನು ಮೊಂಟ್ರಿವೆಲ್‌ನಲ್ಲಿ ಯಾರೂ ನೋಡುವುದಿಲ್ಲ. ನೋಡಿ ನಗುವುದಕ್ಕೆ ಅವರ ಚಡ್ಡಿಯೇ ಸಾಕು.

ಅವನ್ನೆಲ್ಲ ತೊಟ್ಟು, ಸಂಘದ ಹಳೆಯ ಸೈಕಲ್ ಹತ್ತಿ ದ್ರಾಕ್ಷಿತೋಟದ ದಾರಿಗೆ ಇಳಿಯುತ್ತಿದ್ದಂತೆ ಎಂಟು ಜನ ಪ್ರವಾಸಿಗರ ಸಾಲೊಂದು ಹಿಂದಿನಿಂದ ಬಂದು ಅವನನ್ನು ನಡುವೆ ಸೇರಿಸಿಕೊಂಡಿತು. ಯಾರೋ ಏನೋ ಕೇಳಿದರು. ತಲೆಯಾಡಿಸಿದ. ಎಲ್ಲರೂ ನಕ್ಕರು, ಒಬ್ಬಳು ಬೆನ್ನು ತಟ್ಟಿದಳು. ಒನೊರೆಯ ಬೆನ್ನನ್ನು ಯಾರಾದರೂ ಮುಟ್ಟಿ ಎಷ್ಟೋ ಕಾಲವಾಗಿತ್ತು. ಊರಿನ ಕೋಟೆಬಾಗಿಲು ದಾಟುವಾಗ, ಹೀಗೇ ಇವರ ಜೊತೆ ಹೊರಟುಬಿಟ್ಟರೆ ಹೇಗೆ ಎಂದೂ ಅನ್ನಿಸಿತು. ಸರಿಯಾಗಿ ಊರಚೌಕದ ನಡುವೆ, ಕಾರಂಜಿಯ ಎದುರು, ಸೈಕಲ್ಲಿನ ಚೈನು ಕಳಚಿತು. ಎಂಟು ಜನ ಕೈಬೀಸಿ ಮುಂದೆ ಹೋದರು.

“ಅಯ್ಯೋ ಪಾಪ, ಬಿಟ್ಟುಹೋದ್ರಲ್ಲ!” ಗಾಸ್ತೋ ಹಿಟ್ಟಿನ ಕೈಯಲ್ಲೇ ಓಡಿಬಂದ. “ಬನ್ನಿ ಸ್ವಾಮಿ, ಬನ್ನಿ! ಯಾವ ದೇಶ?”

ದನಿಯ ಗುರುತು ಸಿಕ್ಕೀತೆಂದು ಒನೊರೆ ಬರೀ ತಲೆಯಾಡಿಸಿದ.

“ಡೆನ್ಮಾರ್ಕ್‌ನವನಿರಬೇಕು,” ಎಂದ ಬೆಂಚಿನ ಮೇಲಿದ್ದ ಮುದುಕ. “ಕಾಲು ನೋಡು, ಮೂಲಂಗಿ ಹಾಗೆ ಬಿಳುಪು.”

“ಮೂಲಂಗಿಯಾದರೇನು, ಅತಿಥಿ!” ಗಾಸ್ತೋ ಚೈನು ಹಾಕಿಕೊಟ್ಟ, ಬಿಸಿ ರೊಟ್ಟಿ ಮುರಿದು ಕೈಗಿತ್ತ, ಭುಜದ ಮೇಲೆ ಕೈಹಾಕಿ ಕೋಟೆಗೋಡೆಯ ಮೇಲಕ್ಕೆ ಕರೆದೊಯ್ದ. ಕೆಳಗೆ ಕಣಿವೆ, ಪಾತಾಳದಲ್ಲಿ ಹಸಿರು ಹೊಳೆ. ಒನೊರೆ ಚಿಕ್ಕಂದಿನಿಂದ ಉಗುಳುತ್ತ ಬಂದಿದ್ದ ಜಾಗ. ಮೊದಲ ಸಲ ಕಂಡವನಂತೆ ಬಾಯ್ತೆರೆದು ನಿಂತ.

ಗಾಸ್ತೋ ಒಮ್ಮೆ ಹಿಂದೆ ತಿರುಗಿ ನೋಡಿದ. “ನಿಮಗೆ ನಮ್ಮ ಮಾತು ಅರ್ಥ ಆಗಲ್ಲ, ಅದಕ್ಕೇ ಹೇಳ್ತೀನಿ ಸ್ವಾಮಿ. ಇಲ್ಲಿ ಒನೊರೆ ಅಂತ ಒಬ್ಬ ಇದಾನೆ. ಅವತ್ತು ಅವನು ಸರಿಯಾಗೇ ಅಳೆದಿದ್ದ. ಸೋತಿದ್ದು ನಾನೇ.” ನಿಟ್ಟುಸಿರು ಬಿಟ್ಟ. “ಆದರೆ ಒಂಬತ್ತು ವರ್ಷ ಮುನಿಸ್ಕೊಂಡ ಮೇಲೆ ಈಗ ಹೇಗೆ ಮಾತಾಡ್ಸೋದು, ಹೇಳಿ?”

ಒನೊರೆ ಕೈಯಲ್ಲಿದ್ದ ರೊಟ್ಟಿಯಲ್ಲಿ ಅರ್ಧ ಮುರಿದು ಅವನಿಗೇ ಕೊಟ್ಟ.

ಅಷ್ಟರಲ್ಲಿ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಹನ್ನೆರಡು ಹೊಡೆದರೆ ಆ ಊರಲ್ಲಿ ಎಲ್ಲರಿಗೂ ಊಟದ ಹೊತ್ತು, ಎರಡರವರೆಗೆ ಹಸಿದವನಿಗೆ ದೇವರೂ ಬಾಗಿಲು ತೆಗೆಯುವುದಿಲ್ಲ. ಆದರೆ ಕೋಟೆಗೋಡೆಯ ಕೆಳಗಿನ ಓಣಿಯಲ್ಲಿ ಸಿದೋನಿ ತೆಗೆದಳು. ಒನೊರೆಯ ಎದುರುಮನೆಯ ವಿಧವೆ, ಆರು ವರ್ಷದಿಂದ ಓಣಿಯಾಚೆಯ ನೆರೆಯವಳು.

“ಗಾಸ್ತೋ, ಬರೀ ರೊಟ್ಟಿ ತಿನ್ನಿಸಿ ಸಾಯಿಸ್ತೀಯಾ ಅವರನ್ನ? ಬನ್ನಿ ಸ್ವಾಮಿ, ನಮ್ಮನೇಲಿ ಬದನೆಕಾಯಿ ಇದೆ.”

ಊಟಕ್ಕೂ ಅವನು ಕನ್ನಡಕ, ಹೆಲ್ಮೆಟ್ ತೆಗೆಯಲಿಲ್ಲ. ಅವರ ದೇಶದ ಪದ್ಧತಿ ಇದ್ದೀತು ಎಂದುಕೊಂಡಳು ಸಿದೋನಿ. ಮಾಂಸ ತುಂಬಿದ ಬದನೆಕಾಯಿ ಬಡಿಸುತ್ತ ಮಾತಾಡಿದಳು, ಆಡುತ್ತಲೇ ಹೋದಳು. ಬತ್ತಿದ ಬಾವಿಗೆ ಒರತೆ ಬಂದ ಹಾಗೆ.

“ಅದೋ, ಆ ಕಿಟಕಿ ನೋಡಿ. ಒನೊರೆ ಅವರದು. ದಿನಾ ಬೆಳಿಗ್ಗೆ ನಾನು ಕಿಟಕಿಗೆ ಬರ್ತೀನಿ, ಒಂದು ನಮಸ್ಕಾರ ಹೇಳೋಣ ಅಂತ. ಬಂದ ಕೂಡಲೇ ಅವರು ಕದ ಪಟ್ ಅಂತ ಮುಚ್ತಾರೆ. ನಾನು ಅಷ್ಟು ಬೇಡವಾದೋಳಾ?”

ಒನೊರೆಯ ಕೈಯ ಚಮಚ ನಿಂತಿತು. ಒಂಟಿ ಹೆಂಗಸಿನ ಮನೆಯೊಳಕ್ಕೆ ನೋಡಬಾರದು ಎಂಬ ಮರ್ಯಾದೆಗೆ ಅವನು ಕದ ಮುಚ್ಚುತ್ತಿದ್ದದ್ದು! ಹೇಳಿಯೇ ಬಿಡೋಣವೆಂದು ಬಾಯಿ ತೆರೆದ.

“ನಿಮಗೆ ಅರ್ಥ ಆಗಲ್ಲವಲ್ಲ, ಅದೇ ಧೈರ್ಯ,” ಎಂದಳು ಸಿದೋನಿ ಕಣ್ಣೊರೆಸಿಕೊಂಡು. “ಇದೆಲ್ಲ ಅವರ ಕಿವಿಗೆ ಬಿದ್ದರೆ ಆ ಕಣಿವೆಗೆ ಹಾರಿಬಿಡ್ತೀನಿ.”

ತೆರೆದ ಬಾಯಿಗೆ ಬದನೆಕಾಯಿ ಹಾಕಿಕೊಂಡ.

ಹೊರಡುವಾಗ ಅವಳು ಹಸ್ತಲಾಘವಕ್ಕೆ ಕೈ ಚಾಚಿದಳು. ಅವನು ಚಿಕ್ಕಂದಿನ ಅಭ್ಯಾಸಬಲದಿಂದ ಕೆನ್ನೆ ಚಾಚಿದ. ಮೊದಲು ಎಡ, ಆಮೇಲೆ ಬಲ, ಮತ್ತೆ ಎಡ. ಬೀಳ್ಕೊಡುವಾಗ ಕೆನ್ನೆಗೆ ಆಚೆ ಕಣಿವೆಯವರದು ಎರಡೇ ಮುತ್ತು, ಮೊಂಟ್ರಿವೆಲ್‌ನವರದು ಮೂರು.

“ಅರೆ, ನಮ್ಮೂರ ಲೆಕ್ಕ ಎಷ್ಟು ಬೇಗ ಕಲಿತುಬಿಟ್ರಿ!” ಸಿದೋನಿ ಕೆಂಪಾದಳು. ಎಂಟು ಬೆರಳು ತೋರಿಸಿ, ತಟ್ಟೆ ತೋರಿಸಿ, ರಾತ್ರಿಯ ಊಟಕ್ಕೂ ಕರೆದಳು. ಬೆಳಗಿನಿಂದ ತಲೆಯಾಡಿಸಿ ರೂಢಿಯಾಗಿತ್ತು. ಆಡಿಸಿದ.

ಹಿತ್ತಿಲಿನಿಂದ ಮನೆ ಸೇರಿದವನು ಮಧ್ಯಾಹ್ನವೆಲ್ಲ ಶತಪಥ ಹಾಕಿದ. ಆರು ಗಂಟೆಗೆ ಒಳ್ಳೆಯ ಅಂಗಿ ತೊಟ್ಟು, ಬೋಳು ತುಟಿಗೆ ಹಲ್ಲುನೋವಿನ ನೆಪದ ಮಫ್ಲರ್ ಸುತ್ತಿ, ಒನೊರೆಯಾಗಿಯೇ ಓಣಿ ದಾಟಿ ಎದುರು ಬಾಗಿಲು ತಟ್ಟಿದ. ಆರು ವರ್ಷದಲ್ಲಿ ಮೊದಲ ಸಲ.

ಬಾಗಿಲು ತೆರೆದ ಸಿದೋನಿ ನೀಲಿ ಗೌನಿನಲ್ಲಿದ್ದಳು. “ಒನೊರೆ? ನೀವಾ!”

“ಅದು... ಕಿಟಕಿ ಕದದ ವಿಷಯ... ಪುರುಸೊತ್ತಿದ್ರೆ ರಾತ್ರಿ...”

“ಅಯ್ಯೋ, ಇವತ್ತು ಎಂಟಕ್ಕೆ ಊಟಕ್ಕೆ ಒಬ್ಬರು ಬರ್ತಿದಾರಲ್ಲ...”

“ಸರಿ ಸರಿ, ತೊಂದರೆ ಬೇಡ!” ಎಂದವನೇ ಕಾಲಿಗೆ ಬುದ್ಧಿ ಹೇಳಿದ. “ತಾಳಿ ಒನೊರೆ” ಎಂದದ್ದು ಅವನ ಬೆನ್ನಿಗಷ್ಟೇ ಕೇಳಿಸಿತು.

ಕತ್ತಲೆಯಲ್ಲಿ ಕುರ್ಚಿಯ ಮೇಲೆ ಕೂತು ಯೋಚಿಸಿದ. ಒನೊರೆಗೆ ಆ ಮನೆಯಲ್ಲಿ ಜಾಗವಿಲ್ಲ. ಡೆನ್ಮಾರ್ಕ್‌ನವನಿಗೆ ಇದೆ. ಮೂಗನಾಗಿಯಾದರೂ ಒಬ್ಬರ ಎದುರು ಕೂತು ಉಣ್ಣಬಹುದಲ್ಲ. ಬಟ್ಟೆ ಬದಲಾಯಿಸಲು ಎದ್ದ. ಎದುರು ಕಿಟಕಿಯಲ್ಲಿ ದೀಪವಿತ್ತು. ಮರ್ಯಾದಸ್ಥನಾದ್ದರಿಂದ ತನ್ನ ಕಿಟಕಿಯ ಕದವನ್ನು ಪಟ್ ಎಂದು ಮುಚ್ಚಿದ. ಎಂಟಕ್ಕೆ ಗಿಳಿಹಸಿರು ಅಂಗಿಯಲ್ಲಿ ಅವಳ ಮೇಜಿನೆದುರು ಕೂತಿದ್ದ.

ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು.

“ಇದು ಒನೊರೆ ಅವರಿಗೆ,” ಎಂದಳು ಸಿದೋನಿ ಮೂರನೆಯ ತಟ್ಟೆಯನ್ನು ಸರಿಮಾಡುತ್ತ. “ಬಂದಿದ್ರು ಗೊತ್ತಾ, ಇವತ್ತು! ತಾವಾಗೇ! ನೀವೂ ಬನ್ನಿ ಅನ್ನೋಷ್ಟರಲ್ಲಿ ಓಡಿಹೋದ್ರು, ನಾಚಿಕೆ ಪಾಪ. ಇರಿ, ಕರೀತೀನಿ.”

ಕಿಟಕಿಗೆ ಹೋಗಿ ಓಣಿಯಾಚೆಗೆ ಕೂಗಿದಳು. “ಒನೊರೆ! ರೀ, ಒನೊರೆ!”

ಕನ್ನಡಕದ ಹಿಂದೆ ಒನೊರೆ ಕಣ್ಣು ಮುಚ್ಚಿಕೊಂಡ. ಅವಳು ಮೂರು ಸಲ ಕೂಗಿದಳು. ಮೂರನೆಯ ಸಲ ದನಿ ಮೆಲ್ಲಗಿತ್ತು.

“ನೋಡಿ,” ಎಂದಳು ತಿರುಗಿ. “ಮತ್ತೆ ಮುಚ್ಚಿಬಿಟ್ಟಿದಾರೆ.”

ತಾನೂ ಕದ ಎಳೆದುಕೊಂಡು ಚಿಲಕ ಹಾಕಿದಳು. ಆರು ವರ್ಷದಲ್ಲಿ ಮೊದಲ ಸಲ. ಮೂರನೆಯ ತಟ್ಟೆಯನ್ನು ಎತ್ತಿ ಕಪಾಟಿನಲ್ಲಿಟ್ಟು, ಅದಕ್ಕೆಂದು ತೆಗೆದಿರಿಸಿದ್ದ ದೊಡ್ಡ ಬದನೆಕಾಯಿಯನ್ನು ಅತಿಥಿಯ ತಟ್ಟೆಗೆ ಬಡಿಸಿದಳು.

“ತಿನ್ನಿ ಸ್ವಾಮಿ, ಅವರ ಪಾಲೂ ನೀವೇ ತಿನ್ನಿ. ಅವರಿಗೆ ಯಾರೂ ಬೇಕಿಲ್ಲ.”

ಒನೊರೆ ಅರ್ಥವಾಗದವನಂತೆ ತಲೆಯಾಡಿಸಿ, ತನ್ನ ಪಾಲನ್ನೂ ತಿಂದ.