ಐದು ಕಿಲೋಮೀಟರ್, ಪುಗಸಟ್ಟೆ

ಎಲ್ಲ ಅನಾಹುತಕ್ಕೂ ಕಾರಣ ಒಂದು ಮಿರ್ಚಿ ಭಜಿ.

ಜಮಖಂಡಿಯಲ್ಲಿ ಟೆಲಿಫೋನ್ ಇಲಾಖೆಯ ಮೀಟಿಂಗು ನಡೆದಿತ್ತು. ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಕೊಡಬೇಕು, ಅದೂ ಇದ್ದ ಹಳೇ ತಾಮ್ರದ ತಂತಿಯಲ್ಲೇ ಎಂದು ಮೇಲಿನಿಂದ ಹುಕುಂ ಬಂದಿತ್ತು. ಎಷ್ಟು ದೂರ, ಎಷ್ಟು ಖರ್ಚಿನಲ್ಲಿ ಎಂಬ ಗುರಿಯನ್ನು ಅವತ್ತೇ ಗೊತ್ತುಮಾಡಬೇಕಿತ್ತು. ಸಾಹೇಬರಾದ ಶಿವಯೋಗೆಪ್ಪನವರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಒಬ್ಬ ಎರಡು ಕಿಲೋಮೀಟರ್ ಎಂದ. ಇನ್ನೊಬ್ಬ ಅಳೆದೂ ಸುರಿದೂ ಮೂರು ಎಂದ. ಸಾವಳಗಿಯ ಆಚೆ ಒಂದು ಪುಟ್ಟ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದ ಕಲ್ಮೇಶನ ಪಾಳಿ ಬಂದಾಗ ಅವನ ಬಾಯಲ್ಲಿ ಆಗಷ್ಟೇ ಎಣ್ಣೆಯಿಂದ ಎದ್ದ ಭಜಿ ಇತ್ತು. "ತಾಳ್ರಿ" ಎನ್ನುವಂತೆ ಅಂಗೈ ಎತ್ತಿದ.

"ಐದು ಕಿಲೋಮೀಟರ್! ಶಾಬ್ಬಾಸ್!" ಎಂದರು ಸಾಹೇಬರು. "ಖರ್ಚಿಗೆ ಏನ್ ಬೇಕು?"

ಕಲ್ಮೇಶನ ಕಣ್ಣಿಂದ ನೀರು ಇಳಿಯುತ್ತಿತ್ತು. ಮೇಜಿನ ಮೇಲಿನ ನೀರಿನ ತಂಬಿಗೆಯತ್ತ ಜೋರಾಗಿ ಕೈ ಬೀಸಿದ.

"ಏನೂ ಬ್ಯಾಡಂತ! ಕೇಳ್ರಿ ಎಲ್ಲಾರೂ! ಸರಕಾರದ ಮ್ಯಾಲಿನ ಅಭಿಮಾನಕ್ಕ ಹೆಂಗ ಕಣ್ಣೀರ ಹಾಕಾಕತ್ತಾನ ನೋಡ್ರಿ!"

ಭಜಿ ಗಂಟಲಿಂದ ಇಳಿಯುವ ಹೊತ್ತಿಗೆ ಚಪ್ಪಾಳೆಯೂ ಮುಗಿದಿತ್ತು. ಮುಂದಿನ ಗುರುವಾರ ಸಾಹೇಬರೇ ಬಂದು ಕಟ್ಟಕಡೆಯ ಮನೆಯಲ್ಲಿ ಪರೀಕ್ಷೆ ಮಾಡುವುದೆಂದು ಠರಾವಾಯಿತು.

ಕಟ್ಟಕಡೆಯ ಮನೆ ಕುರುಬರ ಸಿದ್ದಕ್ಕನದು. ಎಕ್ಸ್‌ಚೇಂಜಿನಿಂದ ತಂತಿ ರಸ್ತೆಗುಂಟ ಹೋಗಿ, ದೂರದ ಸೇತುವೆ ಮೇಲೆ ಹಳ್ಳ ದಾಟಿ, ಮತ್ತೆ ಅಷ್ಟೇ ದೂರ ವಾಪಸು ಬಂದು, ಒಟ್ಟು ಐದು ಕಿಲೋಮೀಟರ್ ಸುತ್ತಿ ಅವಳ ಮನೆ ಸೇರುತ್ತಿತ್ತು. ಆ ತಂತಿಯಲ್ಲಿ ತಂತಿಗಿಂತ ಗಂಟೇ ಹೆಚ್ಚು. ಅದರಲ್ಲಿ ಬ್ರಾಡ್‌ಬ್ಯಾಂಡ್ ಮುಟ್ಟಿಸುವುದೆಂದರೆ ತೂತುಬಿದ್ದ ಕೊಡದಲ್ಲಿ ಹಿಪ್ಪರಗಿಯಿಂದ ಹೊಳೆನೀರು ತಂದ ಹಾಗೆ.

ವಾರವಿಡೀ ನಿದ್ದೆಗೆಟ್ಟ ಕಲ್ಮೇಶನಿಗೆ ಗುರುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಜ್ಞಾನೋದಯವಾಯಿತು. ಮುಟ್ಟದಿದ್ದರೆ ಮುಟ್ಟದಿರಲಿ! ಸಾಹೇಬರು ಕಣ್ಣಾರೆ ನೋಡಿ, ನಾಲ್ಕು ಮಾತು ಬೈದು, ಗುರಿಯನ್ನು ಮೂರಕ್ಕೆ ಇಳಿಸುತ್ತಾರೆ. ಅಲ್ಲಿಗೆ ಪೀಡೆ ಹೋಯಿತು.

ಸೀಟಿ ಹೊಡೆಯುತ್ತ ಹೋಗಿ ಸಿದ್ದಕ್ಕನ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟ, ಮೋಡೆಮ್ ಜೋಡಿಸಿದ. ಲೈನು ಸಿಕ್ಕರೆ ಒಂದೇ ಸಮ ಉರಿಯಬೇಕಾದ ಅದರ ದೀಪ ಕಣ್ಣಿಗೆ ಕಸ ಬಿದ್ದವರಂತೆ ಪಿಳಿಪಿಳಿ ಅಂದಿತೇ ಹೊರತು ನಿಲ್ಲಲಿಲ್ಲ. ಕಲ್ಮೇಶನಿಗೆ ಎಷ್ಟು ಆನಂದವಾಯಿತೆಂದರೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕ.

"ಅಯ್ಯ ನನ್ನಪ್ಪಾ, ಅಳಾಕತ್ತಾನ!" ಎಂದು ಸಿದ್ದಕ್ಕ ಕೂಗಿದಳು.

ಅಷ್ಟು ಸಾಕಾಯಿತು. ಓಣಿಗೆ ಓಣಿಯೇ ಬಂತು. ಎಲ್ಲರಿಗಿಂತ ಮುಂದೆ ಪಕ್ಕದ ಹೊಲದ ಚನಮಲ್ಲಪ್ಪ, ಕೈಯಲ್ಲಿ ಕುಡುಗೋಲು.

"ಯಾಕ್ರಿ ಕಲ್ಮೇಶಪ್ಪಾರ, ಬರವಲ್ದೇನು?"

"ಬರೂದಿಲ್ರಿ. ತಂತಿ ಭಾಳ ಉದ್ದ ಆತು. ಇರ್ಲಿ ಬಿಡ್ರಿ."

"ಬಿಡೂದ? ಇವತ್ತ ನಮ್ಮ ಭಾಗ್ಯಾನ ರಿಸಲ್ಟ್ ಬರೂದೈತಿ," ಎಂದಳು ಸಿದ್ದಕ್ಕ. ಭಾಗ್ಯಾ ಅವಳ ಸೊಸೆ. ಮದುವೆಯಾದ ಮೇಲೂ ಹಟ ಹಿಡಿದು ಬಿ.ಎ. ಕಡೇ ಪರೀಕ್ಷೆ ಬರೆದಿದ್ದಳು. "ಮನ್ಯಾಗ ಕುಂತ ನೋಡ್ತಾಳಂತ ಬೀಗರಿಗೆಲ್ಲಾ ಹೇಳೇನಿ. ನನ್ನ ಮಾನದ ಪ್ರಶ್ನೆ ಐತಿ!"

ಸಿದ್ದಕ್ಕ ಬೀರೇಶ್ವರನ ಭಂಡಾರ ತಂದು ಮೋಡೆಮ್ಮಿಗೆ ಬಳಿದಳು. ಯಾರೋ ತಂಪಾಗಲಿ ಎಂದು ಗಾಳಿ ಬೀಸಿದರು. ಇನ್ನೊಬ್ಬರು ಚಳಿಯಾಗಿದೆ ಎಂದು ಕಂಬಳಿ ಹೊದಿಸಿದರು. ದೀಪ ಪಿಳಿಪಿಳಿ ಎನ್ನುತ್ತಲೇ ಇತ್ತು. ಕಲ್ಮೇಶ ನೆಮ್ಮದಿಯಿಂದ ರೊಟ್ಟಿ, ಝುಣಕ ಉಂಡು ಕಟ್ಟೆಯ ಮೇಲೆ ಒರಗಿದ. ಒಂದು ಗಡದ್ದಾದ ನಿದ್ದೆಯೂ ಬಂತು.

ಜೀಪಿನ ಸದ್ದಿಗೆ ಎಚ್ಚರವಾಯಿತು. ಶಿವಯೋಗೆಪ್ಪನವರು ಇಳಿದು ನೇರ ಪಡಸಾಲೆಗೆ ಬಂದರು. ಕಲ್ಮೇಶ ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ಕಂಬಳಿ ಸರಿಸಿದ. ಮೋಡೆಮ್ಮಿನ ದೀಪ ಹಸಿರಾಗಿ, ಅಲುಗಾಡದೆ, ಗೌಡರ ಮನೆಯ ನಂದಾದೀಪದಂತೆ ಉರಿಯುತ್ತಿತ್ತು.

ಸಾಹೇಬರು ಕುರ್ಚಿ ಎಳೆದುಕೊಂಡು ತಮ್ಮ ಮೇಲ್ ತೆರೆದರು. ಕಣ್ಣು ಮುಚ್ಚಿ ಬಿಡುವುದರಲ್ಲಿ ತೆರೆಯಿತು. ಓಣಿಯ ಜನ ಹೋ ಎಂದರು.

ಚನಮಲ್ಲಪ್ಪ ಕಲ್ಮೇಶನ ಕಿವಿಯಲ್ಲಿ ಪಿಸುಗುಟ್ಟಿದ: "ಹಿಂದ ನನ್ನ ಕಬ್ಬಿನ್ಯಾಗ ಕಂಬಾ ಹುಗ್ಯಾಕ ನಾನ ಬಿಟ್ಟಿದ್ದಿಲ್ಲ. ಅದಕ್ಕ ನಿಮ್ಮ ತಂತಿ ಸೇತುವಿಗೆ ಸುತ್ತ ಹಾಕೇತಿ. ನೀವು ಅತ್ತಿದ್ದ ನೋಡಿ ಕರಳ ಚುರ್ ಅಂತು. ನೀವು ಮಲಗಿದ್ದಾಗ ತಂತೀನ ಹಳ್ಳದ ಈಚಿ ಒಂದ ಕಡೆ ಕಡದ್ವಿ, ಆಚಿ ಒಂದ ಕಡೆ ಕಡದ್ವಿ, ಕಬ್ಬಿನ ಮ್ಯಾಲಿಂದ ನೆಟ್ಟಗ ಜಗ್ಗಿ ಗಂಟ ಹಾಕಿದ್ವಿ. ಅರ್ಧಕ್ಕರ್ಧಾ ಹಾದಿ ಉಳೀತು!"

ಕಲ್ಮೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೇಳಿದರೆ ಸರಕಾರಿ ತಂತಿ ಕಡಿದದ್ದಕ್ಕೆ ಊರೇ ಠಾಣೆ ಸೇರುತ್ತದೆ. ಹೇಳದಿದ್ದರೆ ಐದು ಕಿಲೋಮೀಟರ್ ಜೀವನಪರ್ಯಂತ ಅವನ ಕೊರಳಿಗೆ.

ಅಷ್ಟರಲ್ಲಿ ಸಾಹೇಬರು ಅವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದರು. ಕುರಿದೊಡ್ಡಿಯ ಮರೆಗೆ ಹೋಗುತ್ತಲೇ ಅವರ ಮುಖ ಬಾಡಿತು.

"ಏನ್ ಮಾಡಿಬಿಟ್ಟ್ಯೋ ತಮ್ಮಾ! ನಿನಗ ಯಾರ್ ಹೇಳಿದ್ರು ಮುಟ್ಟಸಾಕ?"

"ಸರ್?"

"ಅವತ್ತ ಮೀಟಿಂಗಿನ್ಯಾಗ ಹುರುಪಿನ್ಯಾಗ ಐದು ಅಂದು ಮ್ಯಾಲಿನವರಿಗೆ ಹೇಳಿಬಿಟ್ಟೆ. ಈಗ ಅವರು ಇಡೀ ಜಿಲ್ಲಾಕ್ಕ ಐದ ಗುರಿ ಅನ್ನಾಕತ್ತಾರ. ನೀ ಹೆಂಗೂ ಸೋಲ್ತಿ, ಅದನ್ನ ತೋರಿಸಿ ಮೂರಕ್ಕ ಇಳಿಸಿದ್ರಾತು ಅಂತ ದೇವರಿಗೆ ಕಾಯಿ ಒಡಸಿ ಬಂದೇನಿ!"

ಕಲ್ಮೇಶ ಅವರ ಕಾಲಿಗೇ ಬಿದ್ದ. ಕಬ್ಬು, ಕುಡುಗೋಲು, ಗಂಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸಾಹೇಬರ ಮುಖ ಪೌರ್ಣಿಮೆಯಾಯಿತು. ಅವನನ್ನು ಎಬ್ಬಿಸಿ ಅಪ್ಪಿಕೊಂಡರು.

"ಮತ್ತ ಇದ ಐದು ಕಿಲೋಮೀಟರ್ ಅಲ್ಲ! ಗೆದ್ದೀವಿ ಬಿಡು! ಕಡದದ್ದನ್ನ ನಾನು ಕಾಣಂಗಿಲ್ಲ, ನೀ ಹೇಳಂಗಿಲ್ಲ. 'ಪರೀಕ್ಷೆ ವಿಫಲ' ಅಂತ ಈಗಿಂದೀಗ ಮೇಲ್ ಹಾಕ್ತೇನಿ, ನಡಿ."

ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಪಡಸಾಲೆಗೆ ಬಂದರು. ಭಾಗ್ಯಾ ಕಂಪ್ಯೂಟರಿನ ಮುಂದಿನಿಂದ ಎದ್ದು ಸೆರಗು ಸರಿಮಾಡಿಕೊಂಡಳು. ಅವಳು ಪಾಸಾಗಿದ್ದಳು. ಬಾಯಿಗೆ ಯಾರೋ ಹಾಕಿದ ಸಕ್ಕರೆ ಇನ್ನೂ ಕರಗಿರಲಿಲ್ಲ.

"ಸಾಹೇಬ್ರ, ನಿಮ್ಮ ಮೇಲ್ ತಗದ ಬಿಟ್ಟ ಹೋಗಿದ್ರಿ. 'ಐದು ಕಿ.ಮೀ. ಮುಟ್ಟಿತೇ?' ಅಂತ ಬೆಂಗಳೂರಿಂದ ಕೇಳಿದ್ರು. ದೊಡ್ಡವರನ್ನ ಕಾಯಿಸಬಾರದಂತ ನಾನ ಉತ್ತರ ಕೊಟ್ಟೇನ್ರಿ: 'ಮುಟ್ಟಿತು, ಖರ್ಚು ಏನೂ ಇಲ್ಲ' ಅಂತ."

ಸಾಹೇಬರು ಕಂಬ ಹಿಡಿದುಕೊಂಡರು.

"ಅವರ ಜವಾಬೂ ಬಂದೇತ್ರಿ. ಭಾಳ ಖುಷಿ ಆಗ್ಯಾರ," ಎಂದು ಭಾಗ್ಯಾ ಓದಿದಳು. "'ಅಭಿನಂದನೆಗಳು. ಐದು ಇಷ್ಟು ಸುಲಭವಾದರೆ ಹತ್ತು ಯಾಕಾಗಬಾರದು? ಮುಂದಿನ ತಿಂಗಳು ನಾವೇ ನೋಡಲು ಬರುತ್ತೇವೆ.'"

ಸಾಹೇಬರು ಕಲ್ಮೇಶನ ಮುಖ ನೋಡಿದರು, ಕಲ್ಮೇಶ ಸಾಹೇಬರ ಮುಖ ನೋಡಿದ. ಇಬ್ಬರ ಕಣ್ಣಲ್ಲೂ ನೀರು ತುಂಬಿತ್ತು.

ಚನಮಲ್ಲಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಕರುಳು ಮತ್ತೆ ಚುರ್ ಎಂದಿತು. ಪಂಚೆ ಎತ್ತಿ ಕಟ್ಟಿ, ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡ.

"ಅಳಬ್ಯಾಡ್ರಿ ಸಾಹೇಬ್ರ, ನಾವದೀವಿ," ಎಂದ. "ಹತ್ತಕ್ಕ ಎಲ್ಲೆಲ್ಲಿ ಕಡೀಬೇಕು, ಅದಷ್ಟ ಹೇಳ್ರಿ."